ಪೆಂಡಾಲ್ ಬಿಚ್ಚುವವರು ಯಾರು? ಓಪನ್ ಸೋರ್ಸ್ ಬಳಗದಲ್ಲಿ ಯಾರಿಗೂ ಬೇಡದ ಕೆಲಸ ಹಂಚುವ ಬಗೆ

ಗಣೇಶನ ಪೆಂಡಾಲ್ ಹಾಕುವ ದಿನ ಬೀದಿಯ ಹುಡುಗರೆಲ್ಲ ಹಾಜರ್. ವಿಸರ್ಜನೆಯ ಮರುದಿನ ಬಿದಿರಿನ ಗಳ ಬಿಚ್ಚಿ, ಬಾಡಿಗೆ ಕುರ್ಚಿ ಎಣಿಸಿ ವಾಪಸ್ ಕೊಟ್ಟು, ರಸ್ತೆ ಗುಡಿಸುವಾಗ ಉಳಿದಿರುವವರು ಇಬ್ಬರೋ ಮೂವರೋ. ಹೋದ ವರ್ಷವೂ ಅವರೇ ಇದ್ದರು. ಕೋಡ್ ಎಲ್ಲರಿಗೂ ತೆರೆದಿಟ್ಟು, ಬಹುಪಾಲು ಸ್ವಯಂಸೇವಕರೇ ಕೂಡಿ ಕಟ್ಟುವ ಓಪನ್ ಸೋರ್ಸ್ ತಂತ್ರಾಂಶ ಪ್ರಾಜೆಕ್ಟುಗಳ ಕಥೆಯೂ ಇದೇ. ಹೊಸ ಫೀಚರ್ ಬರೆಯಲು ಜನ ಸಿಗುತ್ತಾರೆ. ಬಂದ ಬಗ್ ರಿಪೋರ್ಟುಗಳನ್ನು ವಿಂಗಡಿಸಲು, ಬೇರೆಯವರ ಕೋಡ್ ರಿವ್ಯೂ ಮಾಡಲು, ಹಳೇ ಡಾಕ್ಯುಮೆಂಟೇಶನ್ ತಿದ್ದಲು, ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟುಗಳ ಬೆನ್ನು ಹತ್ತಲು, ಹೊಸ ಆವೃತ್ತಿಯ ರಿಲೀಸ್ ನೋಟ್ಸ್ ಬರೆಯಲು, ಅನುವಾದ ಪರಿಶೀಲಿಸಲು ಸಿಗುವುದಿಲ್ಲ.

ಇದನ್ನು ಜನರ ಉತ್ಸಾಹದ ಕೊರತೆ ಎಂದುಕೊಂಡು ಉಪದೇಶಕ್ಕೆ ಇಳಿಯುವುದು ಮೊದಲ ತಪ್ಪು. ಈ ಕೆಲಸಗಳು ಬೇಡವಾಗುವುದಕ್ಕೆ ಅವುಗಳ ಆಕಾರವೇ ಕಾರಣ. ಅವಕ್ಕೆ ಕೊನೆ ಇಲ್ಲ. ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡುವವರ ಕೈಯಲ್ಲಿ ಅಧಿಕಾರ ಇರುವುದಿಲ್ಲ. ಒಮ್ಮೆ ಹಿಡಿದರೆ ಬಿಡುವ ದಾರಿ ತಿಳಿಯುವುದಿಲ್ಲ. ಈ ನಾಲ್ಕರಲ್ಲಿ ಎರಡನ್ನು ಸರಿಪಡಿಸಿದರೂ ಜನ ಬರತೊಡಗುತ್ತಾರೆ. ಕೆಳಗಿನ ಕ್ರಮ ಐದರಿಂದ ಐವತ್ತು ಮಂದಿ ಓಡಾಡಿಕೊಂಡಿರುವ ಬಳಗಕ್ಕೆ ಹೊಂದುತ್ತದೆ. ಹಂತಗಳ ಅನುಕ್ರಮ ಬದಲಿಸಬೇಡಿ. ಮೂರನೆಯದನ್ನು ಬಿಟ್ಟು ನೇರ ನಾಲ್ಕಕ್ಕೆ ಹಾರುವವರೇ ಹೆಚ್ಚು. ಕೈ ಸುಟ್ಟುಕೊಳ್ಳುವವರೂ ಅವರೇ.

ಹಂತ 1: ಎರಡು ವಾರ ಬರೀ ಬರೆದಿಡಿ

ಒಂದು ಸ್ಪ್ರೆಡ್‌ಶೀಟ್ ತೆರೆದು ಕೋಡ್ ಅಲ್ಲದ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಸಾಲು ಕೊಡಿ. ಐದು ಕಲಂ ಸಾಕು: ಕೆಲಸ ಏನು, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಒಂದು ಸಲಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಅನುಮತಿ ಬೇಕು, ಈಗ ಯಾರು ಮಾಡುತ್ತಿದ್ದಾರೆ. ಪಕ್ಕದಲ್ಲಿ ಇನ್ನೊಂದು ಪ್ರಶ್ನೆ: ಒಂದು ತಿಂಗಳು ಮಾಡದಿದ್ದರೆ ಏನಾಗುತ್ತದೆ?

ಎರಡು ವಾರ ಕಳೆದ ಮೇಲೆ 'ಈಗ ಯಾರು ಮಾಡುತ್ತಿದ್ದಾರೆ' ಎಂಬ ಕಲಂ ಓದಿ. ಸಾಮಾನ್ಯವಾಗಿ ಒಂದೇ ಹೆಸರು ಏಳೆಂಟು ಸಾಲಿನಲ್ಲಿ ಇರುತ್ತದೆ. ಕೆಲವು ಸಾಲಿನಲ್ಲಿ ಯಾವ ಹೆಸರೂ ಇರುವುದಿಲ್ಲ, ಆದರೂ ಕೆಲಸ ಆಗುತ್ತಿರುತ್ತದೆ. ಯಾರೋ ರಾತ್ರಿ ಕೂತು ಮಾಡುತ್ತಿದ್ದಾರೆ, ಅಷ್ಟೇ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಸುರಕ್ಷತಾ ದೋಷ ಬಯಲಾದಾಗ ಜಗತ್ತಿಗೆ ಆಘಾತ ಕೊಟ್ಟದ್ದು ಇಂಥದೇ ಒಂದು ಸಾಲು. ಅಂತರ್ಜಾಲದ ಬಹುಪಾಲು ಸುರಕ್ಷಿತ ಸಂಪರ್ಕಗಳು ನಂಬಿಕೊಂಡಿದ್ದ, ಆ ದೋಷವಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಪೂರ್ತಿ ಹೊತ್ತು ದುಡಿಯುತ್ತಿದ್ದವರು ಒಬ್ಬರು.

ಹಂತ 2: ಕಿತ್ತು ಹಾಕಬಹುದಾದದ್ದನ್ನು ಕಿತ್ತು ಹಾಕಿ

ತಿಂಗಳು ಮಾಡದಿದ್ದರೂ ಏನೂ ಆಗದ ಕೆಲಸಕ್ಕೆ ಸ್ವಯಂಸೇವಕರನ್ನು ಹುಡುಕಬೇಡಿ, ಕೆಲಸವನ್ನೇ ನಿಲ್ಲಿಸಿ. ಯಂತ್ರ ಮಾಡಬಲ್ಲದ್ದನ್ನು ಯಂತ್ರಕ್ಕೆ ಬಿಡಿ: ಕೋಡ್ ಫಾರ್ಮ್ಯಾಟ್ ತಿದ್ದುವುದು, ಲೈಬ್ರರಿಗಳ ಹೊಸ ಆವೃತ್ತಿಗೆ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆಯುವುದು, ಸತ್ತ ಲಿಂಕ್ ಪತ್ತೆ ಮಾಡುವುದು. ಬಗ್ ರಿಪೋರ್ಟಿಗೆ ಫಾರ್ಮ್ ಇಟ್ಟು ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಮರುಕಳಿಸುವ ಹೆಜ್ಜೆಗಳು ಈ ಮೂರನ್ನು ಕಡ್ಡಾಯ ಮಾಡಿದರೆ "ಯಾವ ಆವೃತ್ತಿ?" ಎಂದು ಕೇಳುತ್ತ ಕೂರುವುದು ತಪ್ಪುತ್ತದೆ. ಹತ್ತು ಕಡ್ಡಾಯ ಕಲಂ ಇಟ್ಟರೆ ಜನ "ಅಆಇಈ" ಎಂದು ಒತ್ತಿ ಮುಂದೆ ಹೋಗುತ್ತಾರೆ.

ಇಲ್ಲೊಂದು ಗುಂಡಿ ಇದೆ. ಅರವತ್ತು ದಿನ ಸದ್ದಿಲ್ಲದ ಇಶ್ಯೂಗಳನ್ನೆಲ್ಲ, ಅಂದರೆ ದಾಖಲಾದ ದೂರುಗಳನ್ನೆಲ್ಲ, ತಾನಾಗಿ ಮುಚ್ಚುವ ಬಾಟ್ ಹಾಕಿ ಕೈತೊಳೆದುಕೊಳ್ಳುವ ಪ್ರಾಜೆಕ್ಟುಗಳು ಬಹಳ. ಎರಡು ಗಂಟೆ ಕೂತು ಒಳ್ಳೆಯ ರಿಪೋರ್ಟ್ ಬರೆದವರಿಗೆ ಎರಡು ತಿಂಗಳ ಮೇಲೆ ಸಿಗುವುದು ಯಂತ್ರದ ಒಂದು ಸಾಲು. ಅವರು ಮತ್ತೆ ಬರೆಯುವುದಿಲ್ಲ, ಮುಂದೆ ನಿಮಗೆ ಟ್ರಯೇಜ್ (ಬಂದ ಬಗ್‌ಗಳ ವಿಂಗಡಣೆ) ಮಾಡಬಹುದಾಗಿದ್ದವರೂ ಅವರೇ. ಬಾಟ್ ಬೇಕೇ ಬೇಕಿದ್ದರೆ "ಮಾಹಿತಿ ಬೇಕು" ಎಂಬ ಲೇಬಲ್ ಬಿದ್ದ, 30 ದಿನ ಉತ್ತರ ಬರದ ಇಶ್ಯೂಗಳಿಗೆ ಮಾತ್ರ ಓಡಿಸಿ.

ಹಂತ 3: ಉಳಿದದ್ದನ್ನು ತುಂಡು ಮಾಡಿ

ಇದಕ್ಕೆ ಅತಿ ಹೆಚ್ಚು ಸಮಯ ಕೊಡಿ. "ಡಾಕ್ಯುಮೆಂಟೇಶನ್ ಸುಧಾರಿಸಬೇಕು" ಎಂಬುದು ಕೆಲಸವಲ್ಲ, ನಿಟ್ಟುಸಿರು.

ತುಂಡು ಮಾಡುವುದು ಹೇಗೆ ಎಂಬುದಕ್ಕೆ ಲಿಬ್ರೆಆಫೀಸ್‌ನದು ಒಳ್ಳೆಯ ಪಾಠ. 2010ರಲ್ಲಿ ಓಪನ್ಆಫೀಸ್‌ನಿಂದ ಕವಲೊಡೆದ ಈ ಕಚೇರಿ ತಂತ್ರಾಂಶದ ಬೇರು ಜರ್ಮನಿಯ ಸ್ಟಾರ್‌ಆಫೀಸ್‌ನಲ್ಲಿದೆ. ಹಾಗಾಗಿ ಕೋಡಿನ ಒಳಗಿನ ಕಾಮೆಂಟುಗಳು, ಅಂದರೆ ಕೋಡ್ ಓದುವವರಿಗಾಗಿ ಬರೆದ ಟಿಪ್ಪಣಿಗಳು, ರಾಶಿರಾಶಿಯಾಗಿ ಜರ್ಮನ್ ಭಾಷೆಯಲ್ಲೇ ಉಳಿದಿದ್ದವು. ಅದನ್ನು ಇಂಗ್ಲಿಷಿಗೆ ತರುವುದು ಯಾವ ಪ್ರೋಗ್ರಾಮರ್‌ಗೂ ಬೇಡದ ಚಾಕರಿ. ಬಳಗ ಮಾಡಿದ್ದೇನೆಂದರೆ, ಜರ್ಮನ್ ಸಾಲುಗಳನ್ನು ಹುಡುಕಿ ಕೊಡುವ ಒಂದು ಸ್ಕ್ರಿಪ್ಟ್ ಬರೆದಿಟ್ಟು, ಕೆಲಸವನ್ನು 'ಈಸಿ ಹ್ಯಾಕ್' ಪಟ್ಟಿಗೆ ಸೇರಿಸಿತು. ಒಂದಷ್ಟು ಫೈಲ್ ತೆಗೆದುಕೊಳ್ಳಿ, ಅನುವಾದಿಸಿ, ಪ್ಯಾಚ್ (ಮಾಡಿದ ತಿದ್ದುಪಡಿ) ಕಳಿಸಿ. ಸಿ++ ಬರಬೇಕಿಲ್ಲ, ಜರ್ಮನ್ ಬಂದರೆ ಸಾಕು. ಕಾಮೆಂಟ್ ತಪ್ಪಾದರೂ ತಂತ್ರಾಂಶ ಮುರಿಯುವುದಿಲ್ಲ, ಆದ್ದರಿಂದ ಹೊಸಬರಿಗೆ ಹೆದರಿಕೆ ಇಲ್ಲ. ಅಷ್ಟರಲ್ಲಿ ಅವರು ಕೋಡ್ ಇಳಿಸಿಕೊಳ್ಳುವುದು, ಪ್ಯಾಚ್ ಕಳಿಸುವುದು, ರಿವ್ಯೂಗೆ ಉತ್ತರಿಸುವುದು ಎಲ್ಲವನ್ನೂ ಒಮ್ಮೆ ಮಾಡಿ ಮುಗಿಸಿರುತ್ತಾರೆ. ವರ್ಷಗಟ್ಟಲೆ ಹಿಡಿಯಿತು, ಆದರೆ ರಾಶಿ ಕರಗಿತು.

ನಿಮ್ಮ ತುಂಡು 30ರಿಂದ 90 ನಿಮಿಷದಲ್ಲಿ ಮುಗಿಯಬೇಕು. ಕಾರ್ಡ್ ಹೀಗಿರಲಿ:

"ವಿಷಯ: ಇನ್‌ಸ್ಟಾಲ್ ಪುಟದ ಉಬುಂಟು ಭಾಗ ಹಳತಾಗಿದೆ. ಎಲ್ಲಿದೆ: ಡಾಕ್ಸ್ ಫೋಲ್ಡರಿನ ಇನ್‌ಸ್ಟಾಲ್ ಫೈಲ್, ಎರಡನೇ ಶೀರ್ಷಿಕೆಯ ಕೆಳಗೆ. ಮಾಡಬೇಕಾದ್ದು: ಉಬುಂಟು 24.04ರಲ್ಲಿ ಪುಟದ ಕಮಾಂಡ್‌ಗಳನ್ನು ಮೇಲಿನಿಂದ ಒಂದೊಂದಾಗಿ ಓಡಿಸಿ, ಎಲ್ಲಿ ನಿಲ್ಲುತ್ತದೋ ಅದನ್ನು ತಿದ್ದಿ. ಮುಗಿಯಿತು ಅನ್ನುವುದು ಯಾವಾಗ: ಹೊಸ ವರ್ಚುವಲ್ ಮೆಷಿನ್‌ನಲ್ಲಿ ಕೊನೆಯ ಕಮಾಂಡ್ ಆವೃತ್ತಿ ಸಂಖ್ಯೆ ತೋರಿಸಿದಾಗ. ಸಮಯ: ಒಂದು ಗಂಟೆ. ಬಿಲ್ಡ್ (ಕೋಡ್‌ನಿಂದ ತಂತ್ರಾಂಶ ಕಟ್ಟುವುದು) ಬೇಡ. ರಿವ್ಯೂ: ಕಳಿಸಿದ 3 ದಿನದೊಳಗೆ."

'ಮುಗಿಯಿತು ಅನ್ನುವುದು ಯಾವಾಗ' ಎಂಬ ಸಾಲನ್ನು ಬಿಟ್ಟರೆ ಕಾರ್ಡ್ ಬರೆದೂ ಪ್ರಯೋಜನವಿಲ್ಲ. ಬೇಡದ ಕೆಲಸದಲ್ಲಿ ಸಿಗುವ ಸುಖ ಮುಗಿಸಿದ ಸುಖ ಒಂದೇ, ಅದನ್ನೂ ಕಸಿದುಕೊಳ್ಳಬೇಡಿ. ಇನ್ನು ರಿವ್ಯೂ ಸಾಲು ನೀವು ಕೊಡುವ ಮಾತು. ಮೂರು ದಿನ ಎಂದು ಬರೆದು ಮೂರು ವಾರ ಮಾಡಿದರೆ ಆ ಮನುಷ್ಯ ಮರಳಿ ಬರುವುದಿಲ್ಲ.

ಒಮ್ಮೆಗೆ ಎಂಟು ಹತ್ತು ಕಾರ್ಡ್ ತೆರೆದಿದ್ದರೆ ಸಾಕು, ಇನ್ನೂರು ತೆರೆದಿಟ್ಟರೆ ನೋಡುವವರಿಗೆ ತಲೆ ತಿರುಗುತ್ತದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ "ಇದು ನನಗಿರಲಿ" ಎಂದು ಬರೆದು ಮಾಯವಾಗುವವರು ಎಲ್ಲೆಡೆ ಇರುತ್ತಾರೆ. ನಿಯಮವನ್ನು ಮೊದಲೇ ಕಾರ್ಡಿನ ಕೆಳಗೆ ಹಾಕಿಡಿ: ಹತ್ತು ದಿನ ಸದ್ದಿಲ್ಲದಿದ್ದರೆ ಕಾರ್ಡ್ ಪಟ್ಟಿಗೆ ಮರಳುತ್ತದೆ, ಬೇಕಾದಾಗ ಮತ್ತೆ ತೆಗೆದುಕೊಳ್ಳಬಹುದು. ಮೊದಲೇ ಬರೆದಿದ್ದರೆ ಟವೆಲ್ ತೆಗೆಯುವಾಗ ಯಾರಿಗೂ ಮುಖಭಂಗ ಆಗುವುದಿಲ್ಲ.

ಅನುವಾದದ ಮಾತು ಸ್ವಲ್ಪ ಬೇರೆ. ಕನ್ನಡಕ್ಕೆ ಸಾಲುಗಳನ್ನು ಸೂಚಿಸುವವರು ಸಿಗುತ್ತಾರೆ, ಒಪ್ಪಿ ಮುಗಿಸುವವರು ಸಿಗುವುದಿಲ್ಲ. ಸೂಚನೆಗಳು ಕೊಳೆಯುತ್ತವೆ, ಬರೆದವರು ತಮ್ಮ ಸಾಲು ಪರದೆಯ ಮೇಲೆ ಕಾಣದೆ ಬೇಸತ್ತು ಹೋಗುತ್ತಾರೆ. ಪರಿಶೀಲನೆ ಬೇಸರವಾಗುವುದು ಅದೇ ಜಗಳ ನೂರು ಸಲ ಆಡಬೇಕಾದ್ದರಿಂದ. ಬಟನ್ ಮೇಲೆ 'ಉಳಿಸು' ಎನ್ನಬೇಕೋ 'ಉಳಿಸಿ' ಎನ್ನಬೇಕೋ? 'ಕಡತ'ವೋ 'ಫೈಲ್' ಆಗಿಯೇ ಇರಬೇಕೋ? ಮೊದಲು ಐವತ್ತು ಪದಗಳ ಒಂದು ಪಟ್ಟಿಯನ್ನು ಕೂತು ತೀರ್ಮಾನಿಸಿ, ಆಮೇಲೆ ಒಂದು ಕೂರಿಕೆಗೆ ಇಪ್ಪತ್ತೈದು ಸಾಲಿನಂತೆ ಹಂಚಿ. ಪದಪಟ್ಟಿ ಇದ್ದರೆ ಪರಿಶೀಲಿಸುವವರು ತೀರ್ಪುಗಾರರಾಗಬೇಕಿಲ್ಲ, ಹೋಲಿಸಿ ನೋಡಿದರೆ ಆಯಿತು.

ಹಂತ 4: ಒಬ್ಬರನ್ನು, ಹೆಸರು ಹಿಡಿದು ಕೇಳಿ

"ಟ್ರಯೇಜ್‌ಗೆ ಸಹಾಯ ಬೇಕು, ಆಸಕ್ತರು ಮುಂದೆ ಬನ್ನಿ" ಎಂದು ಗುಂಪಿಗೆ ಹಾಕಿದರೆ ಹನ್ನೆರಡು ಹೆಬ್ಬೆಟ್ಟು ಬೀಳುತ್ತವೆ, ಒಬ್ಬರೂ ಬರುವುದಿಲ್ಲ. ಎಲ್ಲರನ್ನೂ ಕರೆದರೆ ತನ್ನನ್ನೇ ಕರೆದರು ಎಂದು ಯಾರಿಗೂ ಅನ್ನಿಸುವುದಿಲ್ಲ. ಒಬ್ಬರಿಗೆ, ಖಾಸಗಿಯಾಗಿ, ಹೀಗೆ ಬರೆಯಿರಿ:

"ನಮಸ್ಕಾರ. ಹೋದ ವಾರ ನೀವು ಹಾಕಿದ ಪ್ರಿಂಟಿಂಗ್ ಬಗ್‌ನಲ್ಲಿ ಯಾವ ಆವೃತ್ತಿಯಿಂದ ಕೆಟ್ಟಿತು ಅಂತ ಹುಡುಕಿ ಬರೆದಿದ್ರಿ. ಹಾಗೆ ಬರೆಯೋರು ನಮ್ಮಲ್ಲಿ ಕಡಿಮೆ. ಪ್ರಿಂಟಿಂಗ್ ಲೇಬಲ್‌ನಲ್ಲಿ ಇನ್ನೂ 12 ರಿಪೋರ್ಟ್ ಬಿದ್ದಿವೆ. ಈ ತಿಂಗಳ ಕೊನೆವರೆಗೆ ವಾರಕ್ಕೆ 3 ನೋಡಿ, ಹೊಸ ಆವೃತ್ತಿಯಲ್ಲೂ ತೊಂದರೆ ಇದೆಯಾ ಅಂತ ಬರೆದುಕೊಡ್ತೀರಾ? ಒಂದಕ್ಕೆ 20 ನಿಮಿಷ ಹಿಡಿಯಬಹುದು. ಮೊದಲನೇದನ್ನು ನಾನೂ ಜೊತೆಗೆ ಕೂತು ನೋಡ್ತೀನಿ. ಪುರುಸೊತ್ತಿಲ್ಲ ಅಂದ್ರೆ ಒಂದು ಸಾಲು ಹಾಗಂತ ಹಾಕಿ, ಬೇಜಾರೇನಿಲ್ಲ."

ಇದರಲ್ಲಿ ಐದು ಸಂಗತಿ ಇವೆ: ಇವರನ್ನೇ ಯಾಕೆ ಕೇಳಿದ್ದು, ಎಷ್ಟು ಕೆಲಸ, ಎಲ್ಲಿಯವರೆಗೆ, ಮೊದಲ ಸಲಕ್ಕೆ ಯಾರ ನೆರವು, ಇಲ್ಲ ಎನ್ನುವ ದಾರಿ. ಕೊನೆಯದನ್ನು ಬಿಟ್ಟರೆ ನಮ್ಮ ಜನ ಮುಲಾಜಿಗೆ "ಆಯ್ತು" ಎಂದು ಹೇಳಿ ಆಮೇಲೆ ಮೆಸೇಜ್ ನೋಡುವುದನ್ನೇ ಬಿಡುತ್ತಾರೆ. ನೇರ "ಇಲ್ಲ" ಅದಕ್ಕಿಂತ ಎಷ್ಟೋ ಮೇಲು.

ಯಾರನ್ನು ಕೇಳಬೇಕು? ಆ ತೊಂದರೆ ಯಾರಿಗೆ ಈಗಷ್ಟೇ ತಗುಲಿದೆಯೋ ಅವರನ್ನು. ಇನ್‌ಸ್ಟಾಲ್ ಪುಟ ತಿದ್ದಲು ಹಳೇ ಹುಲಿಗಿಂತ ನಿನ್ನೆ ಇನ್‌ಸ್ಟಾಲ್ ಮಾಡಿ ಒದ್ದಾಡಿದ ಹೊಸಬರು ಮೇಲು. ಎರಡು ದಿನದೊಳಗೆ ಕೇಳಿ, ಆಮೇಲೆ ಎಲ್ಲಿ ಎಡವಿದ್ದು ಎಂಬುದು ಅವರಿಗೇ ಮರೆತುಹೋಗುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದೇ ತತ್ವದ ಮೇಲೆ ಒಂದು ಪುಟ್ಟ ಸಲಕರಣೆ ಇದೆ, ಹೆಸರು 'ಹೌ-ಕ್ಯಾನ್-ಐ-ಹೆಲ್ಪ್'. ಅದನ್ನು ಹಾಕಿಕೊಂಡರೆ, ಪ್ಯಾಕೇಜುಗಳನ್ನು (ಕಂಪ್ಯೂಟರಿಗೆ ಹಾಕಿಕೊಂಡ ತಂತ್ರಾಂಶಗಳು) ಅಪ್‌ಡೇಟ್ ಮಾಡುವಾಗ ನೀವು ದಿನಾ ಬಳಸುವ ಪ್ಯಾಕೇಜುಗಳಲ್ಲೇ ಯಾವುದಕ್ಕೆ ದಿಕ್ಕಿಲ್ಲ, ಯಾವುದಕ್ಕೆ ನೆರವು ಬೇಕು ಎಂದು ಟರ್ಮಿನಲ್‌ನಲ್ಲಿ ತೋರಿಸುತ್ತದೆ.

ಸಭೆಯ ಟಿಪ್ಪಣಿ ಬರೆಯುವುದು, ಹೊಸಬರನ್ನು ಸ್ವಾಗತಿಸುವುದು, ಕಾರ್ಯಕ್ರಮ ಏರ್ಪಡಿಸುವುದು ಇವನ್ನು ಯಾರಿಗೆ ಒಪ್ಪಿಸುತ್ತಿದ್ದೀರಿ ಎಂದು ಹಂತ 1ರ ಪಟ್ಟಿಯಲ್ಲಿ ಇನ್ನೊಮ್ಮೆ ನೋಡಿ. ಬಳಗದಲ್ಲಿರುವ ಇಬ್ಬರು ಮೂವರು ಹೆಣ್ಣುಮಕ್ಕಳ ಹೆಸರೇ ಅಲ್ಲೆಲ್ಲ ಇದ್ದರೆ ಅದು ಕಾಕತಾಳೀಯ ಅಲ್ಲ. ಸರದಿ ಹಾಕಿ.

ಕೇಳುವ ಹೊತ್ತೂ ಮುಖ್ಯ. ವಿದ್ಯಾರ್ಥಿಗಳನ್ನು ಸೆಮಿಸ್ಟರ್ ಪರೀಕ್ಷೆಗೆ ಮುಂಚಿನ ತಿಂಗಳು ಕೇಳಬೇಡಿ. ಬೆಂಗಳೂರಿನ ಐಟಿ ನೌಕರರಾದರೆ ಆಫೀಸಿನ ಕರಾರಿನಲ್ಲಿ ಹೊರಗಿನ ಕೋಡ್ ಬಗ್ಗೆ ಏನಿದೆ ಎಂದು ಮೊದಲೇ ಓದಿಕೊಳ್ಳಲು ಹೇಳಿ. ಟ್ರಯೇಜ್, ಟೆಸ್ಟಿಂಗ್‌ಗೆ ಸಾಮಾನ್ಯವಾಗಿ ತಕರಾರು ಕಡಿಮೆ, ಕೋಡಿಗೆ ಅನುಮತಿ ಬೇಕಾಗಬಹುದು.

ಹಂತ 5: ಸರದಿ ಕಟ್ಟಿ, ಕೊನೆಯ ದಿನ ಬರೆಯಿರಿ

ಮುಗಿಯದ ಕೆಲಸಗಳಿಗೆ ತುಂಡು ಮಾಡುವುದು ಸಾಲದು. ದಿನಾ ಬರುವ ಬಗ್‌ಗೆ ಕೊನೆಯೇ ಇಲ್ಲ. ಅಲ್ಲಿ ಕೆಲಸಕ್ಕೆ ಅಲ್ಲ, ಮನುಷ್ಯನ ಪಾಳಿಗೆ ಕೊನೆ ಇಡಬೇಕು.

ಸರ್ವರ್‌ಗಳ ಮೇಲೆ ತಂತ್ರಾಂಶಗಳನ್ನು ಓಡಿಸಿ ನಿಭಾಯಿಸುವ ಕುಬರ್ನೆಟೀಸ್‌ನ ರಿಲೀಸ್ ತಂಡ ಇದನ್ನು ಚೆನ್ನಾಗಿ ಮಾಡುತ್ತದೆ. ಈಗ ವರ್ಷಕ್ಕೆ ಮೂರು ರಿಲೀಸ್, ಒಂದೊಂದು ಸುತ್ತು ಹದಿನಾಲ್ಕು ಹದಿನೈದು ವಾರ. ಕೆಲಸಗಳು ನೋಡಿದರೆ ಒಂದಕ್ಕಿಂತ ಒಂದು ನೀರಸ: ಟೆಸ್ಟ್ ಫಲಿತಾಂಶಗಳ ಹಲಗೆ ನೋಡುತ್ತ ಕೂರುವುದು, ಡಾಕ್ಸ್ ಬಂತಾ ಎಂದು ಹತ್ತಾರು ಮಂದಿಯ ಬೆನ್ನು ಬೀಳುವುದು, ರಿಲೀಸ್ ನೋಟ್ಸ್ ತಿದ್ದುವುದು. ಆದರೂ ಜಾಗಕ್ಕಿಂತ ಅರ್ಜಿಗಳೇ ಹೆಚ್ಚು ಬರುತ್ತವೆ. ಯಾಕೆಂದರೆ ಪ್ರತಿ ಪಾತ್ರಕ್ಕೂ ಒಬ್ಬ ಮುಖ್ಯಸ್ಥ ಮತ್ತು ಅವರ ಜೊತೆ 'ಶ್ಯಾಡೋ'ಗಳು ಇರುತ್ತಾರೆ. ಈ ಸುತ್ತಿನ ಶ್ಯಾಡೋ ಮುಂದೆ ಮುಖ್ಯಸ್ಥರಾಗಬಹುದು. ಹೆಸರು ತಂಡದ ಪಟ್ಟಿಯಲ್ಲಿ ಬರುತ್ತದೆ. ರಿಲೀಸ್ ಆದ ದಿನ ಪಾಳಿ ಮುಗಿಯುತ್ತದೆ.

ಸಣ್ಣ ಬಳಗಕ್ಕೆ ಇದರ ಮರಿ ಆವೃತ್ತಿ: ಆರು ಜನ, ವಾರಕ್ಕೆ ಇಬ್ಬರು. ಈ ವಾರದ ಜೊತೆಗಾರ ಮುಂದಿನ ವಾರ ಮುಖ್ಯ. ಹೀಗೆ ಒಬ್ಬೊಬ್ಬರಿಗೂ ಸಾಲಾಗಿ ಎರಡು ವಾರ ಪಾಳಿ, ಆಮೇಲೆ ನಾಲ್ಕು ವಾರ ರಜೆ. ವಾರಕ್ಕೆ 3 ಗಂಟೆ ಮಿತಿ. ಮೂರು ಗಂಟೆಯಲ್ಲಿ ಆಗದ್ದು ಹಾಗೇ ಬಿದ್ದಿರಲಿ. ಈ ಮಿತಿಯನ್ನು ಮುಲಾಜಿಲ್ಲದೆ ಪಾಲಿಸಿ. ಮೊದಲ ವಾರ ಹುಮ್ಮಸ್ಸಿನಿಂದ ಹನ್ನೆರಡು ಗಂಟೆ ದುಡಿದವರು ಮುಂದಿನವರ ಕಣ್ಣಿಗೆ ಭೂತವಾಗಿ ಕಾಣುತ್ತಾರೆ. ಪಾಳಿ ಬಿಡುವಾಗ ಐದು ಸಾಲಿನ ಚೀಟಿ: ಏನು ನೋಡಿದೆ, ಏನು ಉಳಿಯಿತು, ಯಾರಿಗೆ ಕಾಯುತ್ತಿದ್ದೇವೆ, ಯಾವುದು ತುರ್ತು, ಯಾವುದನ್ನು ಮುಟ್ಟಬೇಡಿ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಸರದಿ ನಡೆಯುವುದಿಲ್ಲ, ಮುಂದಿನ ಹಂತಕ್ಕೆ ಹೋಗಿ.

ಹಂತ 6: ಒಂದು ಭಾನುವಾರ, ಎಲ್ಲರೂ ಕೂಡಿ

ಡೆಬಿಯನ್ ಬಳಗದವರು ರಿಲೀಸ್ ತಡೆದು ನಿಲ್ಲಿಸುವ ಬಗ್‌ಗಳನ್ನು ತೀರಿಸಲು ಬಗ್ ಸ್ಕ್ವಾಷಿಂಗ್ ಪಾರ್ಟಿಗಳನ್ನು ನಡೆಸುತ್ತ ಬಂದಿದ್ದಾರೆ. ಒಬ್ಬರೇ ಮಾಡಿದರೆ ಶಿಕ್ಷೆಯಾಗುವ ಕೆಲಸ ಹತ್ತು ಜನ ಕಾಫಿ ಕುಡಿಯುತ್ತ ಮಾಡಿದರೆ ಹಗುರ.

ಹನ್ನೆರಡು ಜನಕ್ಕೆ ಲೆಕ್ಕ ಹೀಗೆ. ಬೆಳಗ್ಗೆ ಒಂಬತ್ತೂವರೆಯಿಂದ ಒಂದೂವರೆ. ತಯಾರು ಕಾರ್ಡ್ 40. ಪ್ಯಾಚನ್ನು ಕೋಡಿನೊಳಗೆ ಸೇರಿಸುವ (ಮರ್ಜ್ ಮಾಡುವ) ಅಧಿಕಾರ ಇರುವವರು ಮೂವರು ಇರಲೇಬೇಕು, ಅವರು ಆ ದಿನ ಸ್ವಂತ ಕೆಲಸ ಮುಟ್ಟಬಾರದು, ರಿವ್ಯೂ ಮಾತ್ರ. ಕಳಿಸಿದ ಪ್ಯಾಚ್ ಅಂದೇ ಒಳಗೆ ಹೋದರೆ ಹುರುಪು ಏರುತ್ತದೆ; "ಸೋಮವಾರ ನೋಡೋಣ" ಎಂದರೆ ಮಧ್ಯಾಹ್ನದ ಹೊತ್ತಿಗೆ ಹಾಲ್ ಖಾಲಿ. ಸೋರ್ಸ್ ಕೋಡ್ ಮತ್ತು ಬೇಕಾದ ಪ್ಯಾಕೇಜುಗಳನ್ನು ನಾಲ್ಕು ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋಗಿ, ಏಕೆಂದರೆ ಹನ್ನೆರಡು ಲ್ಯಾಪ್‌ಟಾಪ್ ಒಟ್ಟಿಗೆ ಡೌನ್‌ಲೋಡ್ ಶುರು ಮಾಡಿದರೆ ಯಾವ ಹಾಲ್‌ನ ವೈಫೈಯೂ ಕೈಕೊಡುತ್ತದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗಲು ಎರಡು ಗಂಟೆ ಹಿಡಿಯುವ ಪ್ರಾಜೆಕ್ಟ್ ಆಗಿದ್ದರೆ ಬಿಲ್ಡ್ ಬೇಡದ ಕಾರ್ಡುಗಳನ್ನೇ ಆಯ್ದುಕೊಳ್ಳಿ.

ಕೊಡು ಕೊಳ್ಳುವ ನಿಯಮವೂ ಕೆಲಸ ಮಾಡುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪ್ರಾಜೆಕ್ಟಿನಲ್ಲಿ ಕಮಿಟ್‌ಫೆಸ್ಟ್ ಎಂಬ ರಿವ್ಯೂ ತಿಂಗಳುಗಳಿವೆ. ಈಚಿನ ವರ್ಷಗಳಲ್ಲಿ ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್. ತನ್ನ ಪ್ಯಾಚ್ ತಂದವರು ಅಷ್ಟೇ ತೂಕದ ಇನ್ನೊಬ್ಬರ ಪ್ಯಾಚ್ ಒಂದನ್ನಾದರೂ ರಿವ್ಯೂ ಮಾಡಬೇಕೆಂಬುದು ಅಲ್ಲಿನ ನಿರೀಕ್ಷೆ. ಆದರೆ ಮೊದಲ ಪ್ಯಾಚ್ ತಂದ ಹೊಸಬರ ಮೇಲೆ ಇದನ್ನು ಹೇರಬೇಡಿ. ಮೂರನೆಯದರಿಂದ ಶುರು ಮಾಡಿ.

ಹಂತ 7: ಕೆಲಸದ ಜೊತೆ ಕೀಲಿಯನ್ನೂ ಕೊಡಿ, ಆದರೆ ಎಣಿಸಿ ಕೊಡಿ

ಬಗ್ ನೋಡಿ ಇದು ಹಳೆಯದರ ನಕಲು ಎಂದು ಗೊತ್ತಾದ ಮೇಲೂ ಅದನ್ನು ಮುಚ್ಚಲು ಇನ್ನೊಬ್ಬರ ಕೈ ಕಾಯಬೇಕಾದರೆ ಅದು ಬಿಟ್ಟಿ ಚಾಕರಿ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಸಂಸ್ಥೆಯ ಖಾತೆಯಡಿ ಇರುವ ರೆಪೊಸಿಟರಿಗಳಿಗೆ (ಕೋಡ್ ಸಂಗ್ರಹಗಳಿಗೆ) 'ಟ್ರಯೇಜ್' ಎಂಬ ಪಾತ್ರವೇ ಇದೆ: ಲೇಬಲ್ ಹಾಕಬಹುದು, ಇಶ್ಯೂ ಮುಚ್ಚಬಹುದು, ಕೋಡ್ ಮುಟ್ಟಲಾಗದು. ಹತ್ತು ರಿಪೋರ್ಟ್ ಸರಿಯಾಗಿ ನೋಡಿದವರಿಗೆ ಕೇಳದೆಯೇ ಕೊಡಿ.

ಕೋಡ್ ಮತ್ತು ರಿಲೀಸ್ ಕೀಲಿ ಬೇರೆ ಮಾತು. 2024ರ ಮಾರ್ಚ್ ಕೊನೆಗೆ ಎಕ್ಸ್‌ಝಡ್ ಎಂಬ ಕಂಪ್ರೆಶನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಇಟ್ಟ ಹಿಂಬಾಗಿಲು ಪತ್ತೆಯಾಯಿತು. ಅದಕ್ಕೂ ಮುಂಚೆ, ಅದನ್ನು ನೋಡಿಕೊಳ್ಳುತ್ತ ದಣಿದಿದ್ದ ಒಬ್ಬ ಮೇಂಟೇನರ್‌ನ ಮೇಲೆ ಕೆಲವು ಖಾತೆಗಳು "ಕೆಲಸ ನಿಧಾನ, ಬೇರೆಯವರಿಗೆ ಕೊಡಿ" ಎಂದು ಒತ್ತಡ ಹಾಕಿದ್ದವು. ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಬೇಡದ ಕೆಲಸ ಮಾಡಿ ವಿಶ್ವಾಸ ಗಳಿಸಿದ ಖಾತೆಯೇ ಕೊನೆಗೆ ವಿಷ ಬೆರೆಸಿತು. ಹಾಗೆಂದು ಹೊಸಬರನ್ನೆಲ್ಲ ಅನುಮಾನಿಸಬೇಕಿಲ್ಲ. ಯಾವ ರಿಲೀಸೂ ಒಬ್ಬರ ಸಹಿಯಿಂದ ಹೊರಡದಂತೆ ಇಬ್ಬರ ನಿಯಮ ಇಡಿ, ಮತ್ತು ದಣಿದಾಗ ಯಾರೋ ಅವಸರ ಮಾಡುತ್ತಿದ್ದಾರೆಂದು ಕೀಲಿ ಕೊಡಬೇಡಿ.

ಹಂತ 8: ಗುರುತಿಸಿ, ಆದರೆ ಆಮಿಷ ಬೇಡ

ರಿಲೀಸ್ ನೋಟ್ಸ್‌ನಲ್ಲಿ ಕೋಡ್ ಬರೆದವರ ಹೆಸರಿನ ಪಕ್ಕದಲ್ಲೇ ಬಗ್ ವಿಂಗಡಿಸಿದವರ, ಪರೀಕ್ಷಿಸಿದವರ ಹೆಸರು ಹಾಕಿ. ಲಿನಕ್ಸ್ ಕರ್ನಲ್‌ನಲ್ಲಿ ಪ್ಯಾಚ್‌ನ ಕೆಳಗೇ ವರದಿ ಮಾಡಿದವರು, ಪರೀಕ್ಷಿಸಿದವರು, ರಿವ್ಯೂ ಮಾಡಿದವರು ಎಂದು ಬೇರೆಬೇರೆ ಸಾಲು ಇರುತ್ತವೆ. ಇತಿಹಾಸದಲ್ಲಿ ಅದು ಅಳಿಯದೆ ಉಳಿಯುತ್ತದೆ. ವಂದನೆ ಬರೆಯುವಾಗ "ಎಲ್ಲ ಸ್ವಯಂಸೇವಕರಿಗೂ ಧನ್ಯವಾದ" ಬೇಡ; "ಪ್ರಿಂಟಿಂಗ್‌ನ 12 ರಿಪೋರ್ಟಿನಲ್ಲಿ 7 ಒಂದೇ ಬಗ್‌ನ ನಕಲು ಎಂದು ಪತ್ತೆ ಮಾಡಿದ್ದು ಇವರು" ಎಂದು ಬರೆಯಿರಿ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಅತಿ ಚುರುಕಿನ ಸಂಪಾದಕರಲ್ಲಿ ಕೆಲವರಿಗೆ ಚೀಟಿ ಎತ್ತಿದ ಹಾಗೆ ಬಾರ್ನ್‌ಸ್ಟಾರ್ ಎಂಬ ಚಿತ್ರಪದಕ ಕೊಟ್ಟು ನೋಡಿದರು. ಸಿಗದವರಿಗೆ ಹೋಲಿಸಿದರೆ ಅವರ ಕೆಲಸ ಶೇ. 60ರಷ್ಟು ಹೆಚ್ಚಿತ್ತು. ಕಾಸಿನ ಖರ್ಚಿಲ್ಲ.

ಆಮಿಷಕ್ಕೆ ಉದಾಹರಣೆ, ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯಲು ಅಕ್ಟೋಬರ್ ತಿಂಗಳಿಡೀ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನ 2020ರ ಆವೃತ್ತಿ. ಪುಲ್ ರಿಕ್ವೆಸ್ಟುಗಳಿಗೆ ಟೀ ಶರ್ಟ್ ಎಂದದ್ದೇ ತಡ, ಪ್ರಾಜೆಕ್ಟ್ ಪರಿಚಯದ ರೀಡ್‌ಮಿ ಫೈಲ್‌ಗೆ ಒಂದೊಂದು ವಿಶೇಷಣ ಸೇರಿಸುವ ಕಸದ ಪ್ರವಾಹ ಹರಿದು ಬಂತು. ಒಪ್ಪಿಕೊಂಡ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ಶುರುವಾದ ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು. ಎಷ್ಟು ಬಗ್ ಮುಚ್ಚಿದರು ಎಂಬ ಅಂಕಪಟ್ಟಿಯೂ ಇದೇ ಜಾತಿಯದು. ಅದನ್ನು ಹಾಕಿದ ವಾರದಿಂದ ನಿಜವಾದ ಬಗ್‌ಗಳೂ ಮುಚ್ಚಿಹೋಗತೊಡಗುತ್ತವೆ. ವಿದ್ಯಾರ್ಥಿಗಳಿಗೆ ಬಣ್ಣದ ಸರ್ಟಿಫಿಕೇಟಿಗಿಂತ, ಏನೇನು ಮಾಡಿದರು ಎಂದು ಲಿಂಕ್ ಸಹಿತ ಬರೆದ ಅರ್ಧ ಪುಟದ ಪತ್ರ ಸಂದರ್ಶನದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 9: ಬಿಡುವ ಬಾಗಿಲು ತೆರೆದಿಡಿ

ಡೆಬಿಯನ್‌ನಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರು ಮೂರು ರೀತಿ ಹೇಳಬಹುದು: ನೆರವು ಬೇಕು, ಯಾರಾದರೂ ದತ್ತು ತೆಗೆದುಕೊಳ್ಳಿ, ಅಥವಾ ಬಿಟ್ಟಿದ್ದೇನೆ, ಇದು ಈಗ ಅನಾಥ. ಮೂರಕ್ಕೂ ನಿಗದಿತ ನಮೂನೆ ಇದೆ, ಯಾರೂ ಕಾರಣ ಕೇಳುವುದಿಲ್ಲ. ನಿಮ್ಮಲ್ಲೂ ಇಂಥ ಮೂರು ಲೇಬಲ್ ಮಾಡಿಡಿ. ಒಪ್ಪಿಕೊಂಡ ಅವಧಿ ಮುಗಿಯುವ ಒಂದು ವಾರ ಮುಂಚೆ ನೀವೇ ಬರೆಯಿರಿ: "30ಕ್ಕೆ ನಿಮ್ಮ ಪಾಳಿ ಮುಗೀತು. ಮುಂದುವರಿಸ್ತೀರಾ, ಬೇರೆ ಕೆಲಸ ನೋಡ್ತೀರಾ, ವಿಶ್ರಾಂತಿ ತಗೊಳ್ತೀರಾ?" ಉತ್ತರ ಬರದಿದ್ದರೆ ವಿಶ್ರಾಂತಿ ಎಂದೇ ತಿಳಿಯಿರಿ.

ಇಷ್ಟೆಲ್ಲ ಮಾಡಿಯೂ ಒಂದು ಕೆಲಸಕ್ಕೆ ಯಾರೂ ಸಿಗದಿದ್ದರೆ? ಹಳೇ ಮೇಂಟೇನರ್ ಹಲ್ಲು ಕಚ್ಚಿಕೊಂಡು ಮಾಡುವುದು ಬೇಡ. ಬಹಿರಂಗವಾಗಿ ಹೇಳಿ: "32 ಬಿಟ್ ವಿಂಡೋಸ್ ಇನ್‌ಸ್ಟಾಲರ್ ಕಟ್ಟಿ ಪರೀಕ್ಷಿಸುವವರು ಇಲ್ಲ. 60 ದಿನದೊಳಗೆ ಯಾರೂ ಒಪ್ಪಿಕೊಳ್ಳದಿದ್ದರೆ ಮುಂದಿನ ರಿಲೀಸ್‌ನಿಂದ ಅದು ಇರುವುದಿಲ್ಲ." ಡೆಬಿಯನ್‌ನಲ್ಲಿ ಗಂಭೀರ ಬಗ್ ಇದ್ದೂ ಯಾರೂ ತಿದ್ದದ ಪ್ಯಾಕೇಜುಗಳು ಮುಂದಿನ ರಿಲೀಸಿಗೆ ತಯಾರಾಗುತ್ತಿರುವ ಟೆಸ್ಟಿಂಗ್ ವಿಭಾಗದಿಂದ ಎಚ್ಚರಿಕೆಯ ನಂತರ ತಾವಾಗಿ ಹೊರಬೀಳುತ್ತವೆ. ಎಚ್ಚರಿಕೆ ಹೋದ ಮೇಲೆ ಎರಡರಲ್ಲಿ ಒಂದು ಆಗುತ್ತದೆ: ಆ ಇನ್‌ಸ್ಟಾಲರ್ ನಂಬಿಕೊಂಡ ಯಾವುದೋ ಶಾಲೆಯ ಲ್ಯಾಬ್ ನೋಡಿಕೊಳ್ಳುವವರು "ನಾನು ಮಾಡ್ತೀನಿ, ಹೇಗೆ ಅಂತ ತೋರಿಸಿ" ಎಂದು ಬರೆಯುತ್ತಾರೆ. ಇಲ್ಲವಾದರೆ ಅರವತ್ತೊಂದನೇ ದಿನ ಸ್ಪ್ರೆಡ್‌ಶೀಟಿನಲ್ಲಿ ಆ ಸಾಲನ್ನು ಅಳಿಸಿ.